ಅಮೆರಿಕದ ಕಾಲೇಜು ಫುಟ್‌ಬಾಲ್ ಮತ್ತು ಆಟಗಾರರ ಸಂಭಾವನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕಕ್ಕೆ ಓದಲು ಹೋದವರು, ಅಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದ ಪೋಷಕರು, ದೂರದಿಂದಲೇ ಕ್ರೀಡಾ ಸುದ್ದಿ ಓದುವವರು ಈ ವಿಷಯದಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ಕೆಲವನ್ನು ಬೇರಿನಿಂದಲೇ ಬಿಡಿಸಿ ಹೇಳಬೇಕಾಗುತ್ತದೆ.

ಇದು ನಮಗೆ ಗೊತ್ತಿರುವ ಫುಟ್‌ಬಾಲ್ ಆಟವೇ?

ಅಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಮೈಮೇಲೆ ಬಿದ್ದು ಕೆಡವುವ ಆಟ ಇದು. ಆಟಗಾರರು ಹೆಲ್ಮೆಟ್ ಮತ್ತು ಭುಜರಕ್ಷಕ ತೊಟ್ಟೇ ಮೈದಾನಕ್ಕೆ ಇಳಿಯುತ್ತಾರೆ. ಕಾಲೇಜುಗಳ ನಡುವಿನ ಮೊದಲ ಪಂದ್ಯ 1869ರ ನವೆಂಬರ್ 6ರಂದು ನ್ಯೂಜೆರ್ಸಿಯಲ್ಲಿ ರಟ್‌ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ನಡೆಯಿತು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಹುಟ್ಟಿದ್ದು 1920ರಲ್ಲಿ, ಅಂದರೆ ಕಾಲೇಜು ಆಟ ಬೇರೂರಿ ಅರ್ಧ ಶತಮಾನ ಕಳೆದ ಮೇಲೆ. ಅಲಬಾಮಾ, ನೆಬ್ರಾಸ್ಕ, ಒಕ್ಲಹೋಮದಂತಹ ರಾಜ್ಯಗಳಲ್ಲಿ ಇಂದಿಗೂ ಎನ್‌ಎಫ್‌ಎಲ್ ತಂಡವಿಲ್ಲ. ಅಲ್ಲಿನ ಜನರಿಗೆ ವಿಶ್ವವಿದ್ಯಾಲಯದ ತಂಡವೇ ನಾಡಿನ ತಂಡ.

ಕಾಲೇಜು ಹುಡುಗರ ಆಟಕ್ಕೆ ಅಷ್ಟೊಂದು ಹಣ ಎಲ್ಲಿಂದ ಬರುತ್ತದೆ?

ಮುಖ್ಯವಾಗಿ ಟಿವಿಯಿಂದ. ಆಮೇಲೆ ಟಿಕೆಟ್, ಹಳೆಯ ವಿದ್ಯಾರ್ಥಿಗಳ ದೇಣಿಗೆ, ಅಂಗಿ ಟೋಪಿಗಳ ಮಾರಾಟ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದ ಸಾಮರ್ಥ್ಯ 1,07,601. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಂತಹ ಎರಡು ಮೈದಾನಗಳ ಪ್ರೇಕ್ಷಕರನ್ನು ಒಳಗೆ ಕೂರಿಸಿದರೂ ಜಾಗ ಉಳಿಯುತ್ತದೆ. ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡ ಕೂಟಗಳಿಗೆ ಅಲ್ಲಿ ಕಾನ್ಫರೆನ್ಸ್ ಎನ್ನುತ್ತಾರೆ. ಅವುಗಳಲ್ಲಿ ಒಂದಾದ ಬಿಗ್ ಟೆನ್ 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ವಾಹಿನಿಗಳೊಂದಿಗೆ ಏಳು ವರ್ಷಕ್ಕೆ ಮಾಡಿಕೊಂಡ ಪ್ರಸಾರ ಒಪ್ಪಂದದ ಮೌಲ್ಯ 700 ಕೋಟಿ ಡಾಲರ್‌ಗೂ ಹೆಚ್ಚು. ರಾಷ್ಟ್ರೀಯ ಚಾಂಪಿಯನ್ ಯಾರೆಂದು ನಿರ್ಧರಿಸುವ ಪ್ಲೇಆಫ್ ಪಂದ್ಯಗಳಿಗೆ ಇಎಸ್‌ಪಿಎನ್ ಆರು ವರ್ಷಕ್ಕೆ ಒಪ್ಪಿಕೊಂಡಿರುವುದು ಸುಮಾರು 780 ಕೋಟಿ ಡಾಲರ್.

ಈ ಹಣ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ನೋಡಿದರೆ ವಿವಾದದ ಮೂಲ ಅರ್ಥವಾಗುತ್ತದೆ. ಬಹುಪಾಲು ರಾಜ್ಯಗಳಲ್ಲಿ ಸರ್ಕಾರದ ಸಂಬಳ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿರುವವರು ರಾಜ್ಯಪಾಲರೂ ಅಲ್ಲ, ಕುಲಪತಿಯೂ ಅಲ್ಲ. ಅದು ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ತರಬೇತುದಾರ. 2023ರ ನವೆಂಬರ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ತರಬೇತುದಾರ ಜಿಂಬೊ ಫಿಶರ್ ಅವರನ್ನು ಕೆಲಸದಿಂದ ತೆಗೆದಾಗ, ಒಪ್ಪಂದದ ಪ್ರಕಾರ ಅವರಿಗೆ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರ್‌ಗೂ ಹೆಚ್ಚು. ಅದೇ ತಿಂಗಳು ಅದೇ ಮೈದಾನದಲ್ಲಿ ಆಡುತ್ತಿದ್ದ ಹುಡುಗರಿಗೆ ವಿಶ್ವವಿದ್ಯಾಲಯ ಆಟದ ಸಂಬಳವೆಂದು ಒಂದು ಡಾಲರ್ ಕೊಡುವುದಕ್ಕೂ ನಿಯಮ ಅಡ್ಡಿಯಾಗಿತ್ತು.

ಎನ್‌ಸಿಎಎ ಎಂದರೆ ಯಾರು?

ಕಾಲೇಜು ಕ್ರೀಡೆಗಳ ನಿಯಮ ರೂಪಿಸುವ ರಾಷ್ಟ್ರೀಯ ಸಂಸ್ಥೆ. ಅದು ಹುಟ್ಟಿದ್ದು ಸಾವುಗಳಿಂದ. 1905ರ ಋತುವಿನಲ್ಲಿ ಮೈದಾನದಲ್ಲೇ ಅಥವಾ ಅಲ್ಲಿ ಬಿದ್ದ ಪೆಟ್ಟಿನಿಂದ ಕನಿಷ್ಠ 18 ಯುವಕರು ಸತ್ತರು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ತಿದ್ದಿಕೊಳ್ಳಲು ಹೇಳಿದರು. ಮರುವರ್ಷ ಸಂಸ್ಥೆ ರೂಪುಗೊಂಡಿತು. 1910ರಲ್ಲಿ ಅದಕ್ಕೆ ಈಗಿನ ಹೆಸರು ಬಂತು. ಆಟಗಾರರ ಜೀವ ಕಾಯಲು ಹುಟ್ಟಿದ ಸಂಸ್ಥೆ ಮುಂದೆ ತನ್ನ ಶಕ್ತಿಯ ದೊಡ್ಡ ಪಾಲನ್ನು ಅವರ ಕೈಗೆ ಹಣ ಸೇರದಂತೆ ಕಾಯುವುದಕ್ಕೆ ಖರ್ಚು ಮಾಡಿತು ಎಂಬುದು ನನ್ನ ಆಕ್ಷೇಪ.

ಪುಕ್ಕಟೆ ಶಿಕ್ಷಣ ಕೊಡುತ್ತಾರಲ್ಲ, ಅದು ಸಾಲದೇ?

ನಮ್ಮವರು ಎಲ್ಲಕ್ಕಿಂತ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಅಮೆರಿಕದ ಕಾಲೇಜು ಶುಲ್ಕ ಗೊತ್ತಿರುವವರು, ಅದಕ್ಕಾಗಿ ಬ್ಯಾಂಕ್ ಸಾಲ ತೀರಿಸುತ್ತಿರುವವರು ಹೀಗೆ ಕೇಳುವುದು ಸಹಜವೇ. ಶುಲ್ಕ, ವಸತಿ, ಊಟ, ಪುಸ್ತಕ ಸೇರಿದ ಪೂರ್ಣ ವಿದ್ಯಾರ್ಥಿವೇತನ ಸಣ್ಣ ಮೊತ್ತವಲ್ಲ, ಅದನ್ನು ಹಗುರ ಮಾಡುವುದು ತಪ್ಪು.

ಆದರೆ ಆ ವೇತನಕ್ಕೆ ಪ್ರತಿಯಾಗಿ ಏನು ಕೊಡಬೇಕಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಿಯಮದ ಪ್ರಕಾರ ವಾರಕ್ಕೆ 20 ಗಂಟೆ ಮಾತ್ರ ಅಭ್ಯಾಸ. ಆಟಗಾರರು ಸಂಘ ಕಟ್ಟಲು ಹೊರಟಿದ್ದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪ್ರಕರಣವನ್ನು 2014ರಲ್ಲಿ ವಿಚಾರಿಸಿದ ಸರ್ಕಾರಿ ಕಾರ್ಮಿಕ ಮಂಡಳಿಯ ಅಧಿಕಾರಿಗೆ ಕಂಡದ್ದು ಬೇರೆ: ಋತುವಿನಲ್ಲಿ ವಾರಕ್ಕೆ 40ರಿಂದ 50 ಗಂಟೆ, ಆಗಸ್ಟ್ ತಿಂಗಳ ಶಿಬಿರದಲ್ಲಿ 50ರಿಂದ 60 ಗಂಟೆ. ಪೂರ್ಣಾವಧಿ ನೌಕರನಷ್ಟು ದುಡಿದು, ಉಳಿದ ಹೊತ್ತಿನಲ್ಲಿ ಪದವಿ ಓದಬೇಕು. ಅಭ್ಯಾಸದ ವೇಳೆಗೆ ಅಡ್ಡ ಬರುವ ಪ್ರಯೋಗಾಲಯದ ತರಗತಿಗಳಿದ್ದರೆ ಬಯಸಿದ ವಿಷಯವನ್ನೇ ಕೈಬಿಡಬೇಕಾದ ಹುಡುಗರೂ ಇದ್ದಾರೆ. ಇನ್ನು 1973ರಿಂದ 2012ರವರೆಗೆ ಈ ವಿದ್ಯಾರ್ಥಿವೇತನ ಒಂದೊಂದೇ ವರ್ಷದ್ದಾಗಿತ್ತು. ಗಾಯಗೊಂಡವನ, ಫಾರ್ಮ್ ಕಳೆದುಕೊಂಡವನ ವೇತನವನ್ನು ಮರುವರ್ಷ ನವೀಕರಿಸದೆ ಬಿಡಲು ತರಬೇತುದಾರನಿಗೆ ದಾರಿ ಇತ್ತು.

ಊಟದ ವಿಷಯವೂ ಇದೆ. ಒಂದು ಕಾಲದಲ್ಲಿ ಆಟಗಾರರಿಗೆ ತಿಂಡಿಯಾಗಿ ಹಣ್ಣು, ಬೀಜ, ಬೇಗಲ್ ಬ್ರೆಡ್ ಕೊಡಬಹುದಿತ್ತು, ಅದರ ಮೇಲೆ ಚೀಸ್ ಸವರಿದರೆ ನಿಯಮಭಂಗವಾಗುತ್ತಿತ್ತು. 2014ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯವನ್ನು ಬ್ಯಾಸ್ಕೆಟ್‌ಬಾಲ್ ಚಾಂಪಿಯನ್ ಮಾಡಿದ ಶಬಾಜ್ ನೇಪಿಯರ್, ತಾನು ಹಸಿದುಕೊಂಡೇ ಮಲಗಿದ ರಾತ್ರಿಗಳಿವೆ ಎಂದು ಪತ್ರಕರ್ತರ ಮುಂದೆ ಹೇಳಿದರು. ಕೆಲವೇ ದಿನಗಳಲ್ಲಿ ಎನ್‌ಸಿಎಎ ಊಟದ ಮಿತಿಯನ್ನು ತೆಗೆದುಹಾಕಿತು. ಅಷ್ಟು ಬೇಗ ಸರಿಪಡಿಸಬಹುದಾಗಿದ್ದ ಸಂಗತಿಗೆ ಒಬ್ಬ ಹುಡುಗ ದೇಶದ ಮುಂದೆ ನಿಂತು ತನ್ನ ಹಸಿವನ್ನು ಹೇಳಿಕೊಳ್ಳಬೇಕಾಯಿತು.

ಸಂಬಳ ಕೊಡಬಾರದು ಎಂಬ ನಿಯಮ ಹುಟ್ಟಿದ್ದು ಹೇಗೆ?

ಮೊದಲಿಗೆ ಅದು ಇಂಗ್ಲೆಂಡಿನಿಂದ ಬಂದ ಹವ್ಯಾಸಿ ಆದರ್ಶ. ದುಡ್ಡಿಗಾಗಿ ಆಡುವವನು ಸಭ್ಯಸ್ಥನಲ್ಲ ಎಂಬ ಶ್ರೀಮಂತರ ನಂಬಿಕೆ. ಆಚರಣೆಯಲ್ಲಿ ಅದು ಎಂದೂ ಇರಲಿಲ್ಲ. ಕಾಲೇಜುಗಳು ಆಟಗಾರರಿಗೆ ನಾನಾ ಬಗೆಯಲ್ಲಿ ಹಣ ಕೊಡುತ್ತಿವೆ ಎಂದು ಕಾರ್ನೆಗಿ ಪ್ರತಿಷ್ಠಾನ 1929ರಲ್ಲೇ ವರದಿ ಮಾಡಿತ್ತು.

ನಿಯಮಕ್ಕೆ ಗಟ್ಟಿ ರೂಪ ಬಂದದ್ದು 1950ರ ದಶಕದಲ್ಲಿ, ಅದೂ ಗಾಯದ ಪರಿಹಾರದ ಪ್ರಶ್ನೆ ಎದುರಾದಾಗ. ಡೆನ್ವರ್ ವಿಶ್ವವಿದ್ಯಾಲಯದ ಅರ್ನೆಸ್ಟ್ ನೆಮೆತ್ ಎಂಬ ಆಟಗಾರ ಅಭ್ಯಾಸದ ವೇಳೆ ಗಾಯಗೊಂಡು ಪರಿಹಾರ ಕೇಳಿದಾಗ, 1953ರಲ್ಲಿ ಕೊಲೊರಾಡೊ ಸುಪ್ರೀಂ ಕೋರ್ಟ್ ಆತನನ್ನು ನೌಕರನೆಂದು ಒಪ್ಪಿತು. ಎರಡು ವರ್ಷದ ಬಳಿಕ ಅದೇ ರಾಜ್ಯದ ಫೋರ್ಟ್ ಲೂಯಿಸ್ ಕಾಲೇಜಿನ ರೇ ಡೆನಿಸನ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತರು. ಸೇನೆಯಲ್ಲಿದ್ದು ಬಂದವರು, ಮಕ್ಕಳಿದ್ದ ಗೃಹಸ್ಥರು. ಕೆಲಸದಲ್ಲಿ ಸತ್ತ ಕಾರ್ಮಿಕನ ಕುಟುಂಬಕ್ಕೆ ಸಿಗುವ ಪರಿಹಾರವನ್ನು ಅವರ ಪತ್ನಿ ಕೇಳಿದರು. 1957ರಲ್ಲಿ ಅದೇ ನ್ಯಾಯಾಲಯ ನಿರಾಕರಿಸಿತು. ಕಾಲೇಜು ಫುಟ್‌ಬಾಲ್ ವ್ಯವಹಾರ ನಡೆಸುತ್ತಿಲ್ಲ ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು.

ಇದೇ ಹೊತ್ತಿನಲ್ಲಿ ಎನ್‌ಸಿಎಎ ಮುಖ್ಯಸ್ಥ ವಾಲ್ಟರ್ ಬೈಯರ್ಸ್ ಮತ್ತು ಅವರ ವಕೀಲರು 'ವಿದ್ಯಾರ್ಥಿ ಕ್ರೀಡಾಪಟು' ಎಂಬ ಪದವನ್ನು ಎಲ್ಲ ನಿಯಮಗಳಲ್ಲೂ ಬಳಕೆಗೆ ತಂದರು. ಆಟಗಾರರನ್ನು ನ್ಯಾಯಾಲಯಗಳು ನೌಕರರೆಂದು ಪರಿಗಣಿಸಿಬಿಡಬಹುದೆಂಬ ಭಯವೇ ಅದಕ್ಕೆ ಕಾರಣವೆಂದು ನಿವೃತ್ತಿಯ ನಂತರ ಬೈಯರ್ಸ್ ಅವರೇ ಬರೆದುಕೊಂಡಿದ್ದಾರೆ. ತಾವೇ ಕಟ್ಟಿದ ವ್ಯವಸ್ಥೆಯನ್ನು ಕೊನೆಗಾಲದಲ್ಲಿ ಅವರು ಕಟುವಾಗಿ ಟೀಕಿಸಿದರು. ಸಂಬಳ ನಿಷೇಧವೆಂದರೆ ಶಿಕ್ಷಣದ ಪಾವಿತ್ರ್ಯವನ್ನು ಕಾಯುವುದು ಎಂದು ಯಾರಾದರೂ ವಾದಿಸಿದಾಗ ಡೆನಿಸನ್ ಅವರ ಪತ್ನಿಯ ಈ ಅರ್ಜಿಯನ್ನು ನೆನಪಿಸಬೇಕು.

ಹಿಂದೆ ಯಾರೂ ಗುಟ್ಟಾಗಿ ಹಣ ಕೊಡುತ್ತಿರಲಿಲ್ಲವೇ?

ಧಾರಾಳವಾಗಿ ಕೊಡುತ್ತಿದ್ದರು. ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಶ್ರೀಮಂತ ಅಭಿಮಾನಿಗಳ ನಿಧಿಯಿಂದ ಆಟಗಾರರಿಗೆ ತಿಂಗಳು ತಿಂಗಳು ಹಣ ಹೋಗುತ್ತಿತ್ತು. ಕೊಡಲು ಒಪ್ಪಿದವರಲ್ಲಿ ತಾನೂ ಒಬ್ಬನೆಂದು ಟೆಕ್ಸಸ್ ರಾಜ್ಯಪಾಲ ಬಿಲ್ ಕ್ಲೆಮೆಂಟ್ಸ್ ಅವರೇ 1987ರಲ್ಲಿ ಒಪ್ಪಿಕೊಂಡರು. ಎನ್‌ಸಿಎಎ ಆ ವರ್ಷದ ಇಡೀ ಋತುವನ್ನು ರದ್ದು ಮಾಡಿತು. ತಂಡ ಚೇತರಿಸಿಕೊಳ್ಳಲು ದಶಕಗಳೇ ಹಿಡಿದವು. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ರೆಜಿ ಬುಷ್ 2005ರಲ್ಲಿ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದರು. ಅವರ ಕುಟುಂಬಕ್ಕೆ ಹೊರಗಿನವರು ಹಣ, ಮನೆ ಕೊಟ್ಟಿದ್ದರೆಂಬ ಕಾರಣಕ್ಕೆ 2010ರಲ್ಲಿ ಅದನ್ನು ಬಿಟ್ಟುಕೊಡಬೇಕಾಯಿತು. 2024ರಲ್ಲಿ ಟ್ರೋಫಿ ಅವರಿಗೆ ಮರಳಿತು.

ನ್ಯಾಯಾಲಯಗಳು ಏನು ಹೇಳಿದವು?

ಬಹುಕಾಲ ಎನ್‌ಸಿಎಎ ಪರವಾಗಿಯೇ ಇದ್ದವು. 1984ರಲ್ಲಿ ಟಿವಿ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ವಿಶ್ವವಿದ್ಯಾಲಯಗಳಿಗೆ ತಮ್ಮ ಪಂದ್ಯಗಳನ್ನು ತಾವೇ ಮಾರಿಕೊಳ್ಳುವ ಸ್ವಾತಂತ್ರ್ಯ ಕೊಟ್ಟಿತು. ಹಣದ ಹೊಳೆ ಹರಿಯಲು ಶುರುವಾದದ್ದು ಅಲ್ಲಿಂದಲೇ. ಅದೇ ತೀರ್ಪಿನಲ್ಲಿ ಆಟಗಾರರಿಗೆ ಹಣ ಕೊಡಬಾರದೆಂಬ ಒಂದು ಮಾತೂ ಸೇರಿಕೊಂಡಿತ್ತು. ಮೊಕದ್ದಮೆಗೆ ಸಂಬಂಧವೇ ಇಲ್ಲದ ಆ ಮಾತನ್ನು ಎನ್‌ಸಿಎಎ ವಕೀಲರು ಮುಂದಿನ ಮೂರೂವರೆ ದಶಕ ಗುರಾಣಿಯಾಗಿ ಹಿಡಿದರು.

ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದ ಮಾಜಿ ಆಟಗಾರ ಎಡ್ ಒ'ಬ್ಯಾನನ್ ಒಂದು ವಿಡಿಯೊ ಗೇಮ್‌ನಲ್ಲಿ ತಮ್ಮದೇ ರೂಪವನ್ನು ಕಂಡು, ಅದಕ್ಕೆ ತಮಗೇನೂ ಸಿಕ್ಕಿಲ್ಲವೆಂದು 2009ರಲ್ಲಿ ದಾವೆ ಹೂಡಿದರು. 2014ರಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವರ ತೀರ್ಪು ಎನ್‌ಸಿಎಎ ನಿಯಮಗಳಲ್ಲಿ ಮೊದಲ ಬಿರುಕು ಮೂಡಿಸಿತು. ದೊಡ್ಡ ಪೆಟ್ಟು ಬಿದ್ದದ್ದು 2021ರ ಜೂನ್ 21ರಂದು. ವೆಸ್ಟ್ ವರ್ಜೀನಿಯ ತಂಡದಲ್ಲಿ ಆಡಿದ್ದ ಶಾನ್ ಆಲ್ಸ್ಟನ್ ಅವರ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ತೀರ್ಪು ಸೀಮಿತವಾಗಿತ್ತು, ಓದಿಗೆ ಸಂಬಂಧಿಸಿದ ಸೌಲಭ್ಯಗಳಿಗೆ ಮಿತಿ ಹೇರಬಾರದು ಎಂದಷ್ಟೇ ಹೇಳಿತು. ಆದರೆ ನ್ಯಾಯಮೂರ್ತಿ ಬ್ರೆಟ್ ಕ್ಯಾವನಾ ಪ್ರತ್ಯೇಕವಾಗಿ ಬರೆದ ಅಭಿಪ್ರಾಯದಲ್ಲಿ, ಎನ್‌ಸಿಎಎ ಕಾನೂನಿಗಿಂತ ಮೇಲಲ್ಲ ಎಂದು ನೇರವಾಗಿ ನುಡಿದರು. ಸಂಪ್ರದಾಯವಾದಿಗಳೂ ಉದಾರವಾದಿಗಳೂ ಸೇರಿ ಒಂಬತ್ತೂ ಮಂದಿ ಒಮ್ಮತಕ್ಕೆ ಬಂದದ್ದು ಗಮನಾರ್ಹ.

ಎನ್‌ಐಎಲ್ ಎಂಬ ಪದ ಆಗಾಗ ಕೇಳುತ್ತದೆ. ಏನದು?

ಆಟಗಾರ ತನ್ನ ಹೆಸರು, ಚಿತ್ರ, ರೂಪವನ್ನು ಜಾಹೀರಾತು ಮುಂತಾದವಕ್ಕೆ ಬಳಸಲು ಬಿಟ್ಟು ಹಣ ಪಡೆಯುವ ಹಕ್ಕು. ಕ್ಯಾಲಿಫೋರ್ನಿಯ 2019ರಲ್ಲಿ ಇದಕ್ಕೆ ಕಾಯ್ದೆ ಮಾಡಿತು, ಬೇರೆ ರಾಜ್ಯಗಳು ಹಿಂಬಾಲಿಸಿದವು, 2021ರ ಜುಲೈ 1ರಿಂದ ದೇಶವಿಡೀ ಜಾರಿಗೆ ಬಂತು. ಹಳೆಯ ವಿದ್ಯಾರ್ಥಿಗಳು, ಉದ್ಯಮಿಗಳು 'ಕಲೆಕ್ಟಿವ್' ಎಂಬ ನಿಧಿಗಳನ್ನು ಕಟ್ಟಿದರು. ಹೆಸರಿಗೆ ಜಾಹೀರಾತಿನ ಹಣ, ವಾಸ್ತವದಲ್ಲಿ ನಮ್ಮ ತಂಡಕ್ಕೆ ಬಾ ಎಂದು ಕೊಡುವ ಹಣ. ಹಿಂದೆ ಮೇಜಿನ ಕೆಳಗೆ ಕೈ ಬದಲಾಗುತ್ತಿದ್ದದ್ದು ಮೇಜಿನ ಮೇಲೆ ಬಂತು. ಇದನ್ನು ಕೆಲವರು ಅವನತಿ ಎನ್ನುತ್ತಾರೆ. ಬೆಳಕಿಗೆ ಬಂದ ಹಣ ಕತ್ತಲಿನ ಹಣಕ್ಕಿಂತ ಉತ್ತಮ ಎಂಬುದು ನನ್ನ ನಿಲುವು. ಆದರೆ ಬಾಯಿಮಾತಿನ ಭರವಸೆಗಳು ಹುಡುಗರನ್ನು ಕಾಪಾಡುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ನೆವಾಡ ವಿಶ್ವವಿದ್ಯಾಲಯದ ಲಾಸ್ ವೇಗಸ್ ತಂಡದ ಮ್ಯಾಥ್ಯೂ ಸ್ಲುಕ, ತನಗೆ ಹೇಳಿದ್ದ ಹಣ ಬರಲಿಲ್ಲವೆಂದು ಮೂರು ಪಂದ್ಯ ಗೆದ್ದ ಮೇಲೆ ತಂಡ ಬಿಟ್ಟರು. ಆ ಬೇಡಿಕೆಯೇ ನಿಯಮಕ್ಕೆ ವಿರುದ್ಧವೆಂದು ವಿಶ್ವವಿದ್ಯಾಲಯ ಹೇಳಿತು.

ಈಗ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡುತ್ತಿವೆಯಂತೆ, ನಿಜವೇ?

ನಿಜ. ಅರಿಜೋನ ಸ್ಟೇಟ್ ವಿಶ್ವವಿದ್ಯಾಲಯದ ಈಜುಗಾರ ಗ್ರ್ಯಾಂಟ್ ಹೌಸ್ ಅವರ ಹೆಸರಿನ ಮೊಕದ್ದಮೆಯಲ್ಲಿ ಆದ ರಾಜಿಯನ್ನು ಅದೇ ನ್ಯಾಯಾಧೀಶೆ ವಿಲ್ಕೆನ್ 2025ರ ಜೂನ್ 6ರಂದು ಅಂಗೀಕರಿಸಿದರು. ಇದರ ಪ್ರಕಾರ 2016ರಿಂದ ಆಡಿದವರಿಗೆ ಸುಮಾರು 280 ಕೋಟಿ ಡಾಲರ್ ಹಿಂಬಾಕಿ, ಹತ್ತು ವರ್ಷಗಳಲ್ಲಿ. ಮುಂದಕ್ಕೆ ಪ್ರತಿ ವಿಶ್ವವಿದ್ಯಾಲಯ ತನ್ನ ಆಟಗಾರರಿಗೆಲ್ಲ ಸೇರಿ 2025-26ರಲ್ಲಿ ಹೆಚ್ಚೆಂದರೆ 2.05 ಕೋಟಿ ಡಾಲರ್ ಹಂಚಬಹುದು. ಆ ಮಿತಿ ವರ್ಷವರ್ಷವೂ ಏರುತ್ತದೆ. ಹೊರಗಿನಿಂದ ಬರುವ 600 ಡಾಲರ್‌ಗಿಂತ ಹೆಚ್ಚಿನ ಎನ್‌ಐಎಲ್ ಒಪ್ಪಂದಗಳನ್ನು ಪರಿಶೀಲನೆಗೆ ಒಪ್ಪಿಸಬೇಕು.

ಹಂಚಲೇಬೇಕೆಂಬ ಒತ್ತಾಯವಿಲ್ಲ. ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್ ಈ ವ್ಯವಸ್ಥೆಗೆ ಸೇರಲಿಲ್ಲ. ಅಲ್ಲಿ ಕ್ರೀಡಾ ವಿದ್ಯಾರ್ಥಿವೇತನವೂ ಇಲ್ಲ.

ಈ ಮಿತಿಯನ್ನು ನಿಗದಿ ಮಾಡಿದ ಬಗೆ ನನಗೆ ಒಪ್ಪಿಗೆಯಿಲ್ಲ. ಎನ್‌ಎಫ್‌ಎಲ್‌ನಲ್ಲೂ ಸಂಬಳಕ್ಕೆ ಮಿತಿಯಿದೆ, ಆದರೆ ಅದನ್ನು ಆಟಗಾರರ ಸಂಘ ಕೂತು ಚೌಕಾಸಿ ಮಾಡಿ ಒಪ್ಪಿಕೊಂಡಿದೆ. ಇಲ್ಲಿ ಆಟಗಾರರಿಗೆ ಸಂಘವೇ ಇಲ್ಲ.

ಹಾಗಾದರೆ ಎಲ್ಲ ಆಟಗಾರರಿಗೂ ಹಣ ಸಿಗುತ್ತದೆಯೇ? ಮಹಿಳೆಯರಿಗೆ?

ಇಲ್ಲ. ಹಂಚಿಕೆಯ ಬಹುಪಾಲು ಫುಟ್‌ಬಾಲ್‌ಗೆ, ಅದರ ನಂತರದ ಪಾಲು ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ. ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯ ಮಾಡಬಾರದೆಂಬ 1972ರ ಟೈಟಲ್ ನೈನ್ ಕಾಯ್ದೆ ಈ ಹಂಚಿಕೆಗೂ ಅನ್ವಯಿಸುತ್ತದೆಯೇ ಎಂಬುದೇ ಈಗಿನ ಜಗಳ. ಅನ್ವಯಿಸುತ್ತದೆ ಎಂದು 2025ರ ಜನವರಿಯಲ್ಲಿ ಶಿಕ್ಷಣ ಇಲಾಖೆ ಹೇಳಿತು. ಸರ್ಕಾರ ಬದಲಾದ ಮೇಲೆ ಫೆಬ್ರುವರಿಯಲ್ಲಿ ಆ ಸೂಚನೆಯನ್ನು ಹಿಂದಕ್ಕೆ ಪಡೆಯಿತು. ಹಿಂಬಾಕಿ ಹಂಚಿಕೆಯ ವಿರುದ್ಧ ಮಹಿಳಾ ಕ್ರೀಡಾಪಟುಗಳು ಮೇಲ್ಮನವಿ ಸಲ್ಲಿಸಿದರು. ಮಹಿಳೆಯರ ಪಂದ್ಯಗಳಿಗೆ ಮಾರುಕಟ್ಟೆ ಚಿಕ್ಕದು ಎನ್ನುವವರು, ಆ ಪಂದ್ಯಗಳನ್ನು ಟಿವಿಗೆ ಮಾರಲು ಇಷ್ಟು ವರ್ಷ ಯಾರು ಎಷ್ಟು ಪ್ರಯತ್ನ ಪಟ್ಟರು ಎಂಬುದನ್ನೂ ಹೇಳಬೇಕು.

ಹಣ ಬಂದರೆ ಓದು ಹಾಳಾಗುವುದಿಲ್ಲವೇ?

ಹಣವಿಲ್ಲದಿದ್ದಾಗಲೂ ಓದನ್ನು ಹಾಳು ಮಾಡಿದವರಿದ್ದಾರೆ, ಅವರು ಆಟಗಾರರಲ್ಲ. ನಾರ್ತ್ ಕ್ಯಾರೊಲಿನ ವಿಶ್ವವಿದ್ಯಾಲಯದಲ್ಲಿ 1993ರಿಂದ 2011ರವರೆಗೆ ಪಾಠವೇ ನಡೆಯದ ತರಗತಿಗಳಿದ್ದವು. ಒಂದು ಪ್ರಬಂಧ ಕೊಟ್ಟರೆ ಒಳ್ಳೆಯ ಅಂಕ. 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಅವುಗಳಿಗೆ ಸೇರಿದ್ದರು, ಅರ್ಧದಷ್ಟು ಮಂದಿ ಕ್ರೀಡಾಪಟುಗಳು. 2017ರಲ್ಲಿ ಎನ್‌ಸಿಎಎ ವಿಶ್ವವಿದ್ಯಾಲಯಕ್ಕೆ ಶಿಕ್ಷೆ ಕೊಡಲಿಲ್ಲ. ಸಾಮಾನ್ಯ ವಿದ್ಯಾರ್ಥಿಗಳಿಗೂ ಅದು ಲಭ್ಯವಿತ್ತು ಎಂಬುದು ಅದರ ಸಮರ್ಥನೆ. ಬೇಗಲ್ ಮೇಲಿನ ಚೀಸನ್ನು ಲೆಕ್ಕ ಇಟ್ಟ ಸಂಸ್ಥೆ ಇದು.

ಗ್ರಂಥಾಲಯದಲ್ಲಿ ಕೆಲಸ ಮಾಡಿ ಸಂಬಳ ಪಡೆಯುವ ವಿದ್ಯಾರ್ಥಿ, ಸಂಶೋಧನೆಗೆ ಹಣ ಪಡೆಯುವ ವಿದ್ಯಾರ್ಥಿ ಓದುವುದನ್ನು ಬಿಡುತ್ತಾನೆಂದು ಯಾರೂ ಹೇಳುವುದಿಲ್ಲ.

ಈಜು, ಕುಸ್ತಿ, ಟೆನಿಸ್‌ನಂತಹ ಆಟಗಳ ಗತಿ?

ಇದು ನಿಜವಾದ ಆತಂಕ. ಫುಟ್‌ಬಾಲ್ ಆದಾಯವೇ ಬೇರೆ ಆಟಗಳನ್ನು ಸಾಕುತ್ತದೆ, ಅಮೆರಿಕದ ಒಲಿಂಪಿಕ್ ಪದಕಗಳ ದೊಡ್ಡ ಪಾಲು ಇಂಥ ಕಾಲೇಜು ತಂಡಗಳಿಂದ ಬರುತ್ತದೆ. ಬಹುತೇಕ ವಿಶ್ವವಿದ್ಯಾಲಯಗಳ ಕ್ರೀಡಾ ವಿಭಾಗಗಳು ವಿದ್ಯಾರ್ಥಿ ಶುಲ್ಕ ಮತ್ತು ವಿಶ್ವವಿದ್ಯಾಲಯದ ನೆರವಿಲ್ಲದೆ ನಡೆಯುವುದಿಲ್ಲ. ಕೆಲವು ಕಡೆ ಸಣ್ಣ ತಂಡಗಳನ್ನು ಮುಚ್ಚಿರುವುದೂ ಉಂಟು. ಆದರೆ ತೆಗೆದುಹಾಕಿದ ತರಬೇತುದಾರನಿಗೆ ಕೋಟಿಗಟ್ಟಲೆ ಡಾಲರ್ ಕೊಡುವಾಗ ಈಜುಕೊಳದ ಚಿಂತೆ ಯಾರಿಗೂ ಕಾಡಲಿಲ್ಲ. ಆಟಗಾರನ ಪಾಲಿನ ಮಾತು ಬಂದಾಗಲೇ ಅದು ನೆನಪಾಗುವುದನ್ನು ನಾನು ಒಪ್ಪುವುದಿಲ್ಲ.

ಆಟಗಾರರು ನೌಕರರೇ, ಅಲ್ಲವೇ?

ಇನ್ನೂ ತೀರ್ಮಾನವಾಗಿಲ್ಲ. ಕೇನ್ ಕೋಲ್ಟರ್ ನಾಯಕತ್ವದಲ್ಲಿ ನಾರ್ತ್‌ವೆಸ್ಟರ್ನ್ ಆಟಗಾರರು ಸಂಘ ಕಟ್ಟಲು ಹೊರಟಾಗ, 2014ರ ಮಾರ್ಚ್‌ನಲ್ಲಿ ಕಾರ್ಮಿಕ ಮಂಡಳಿಯ ಪ್ರಾದೇಶಿಕ ಅಧಿಕಾರಿ ಅವರು ನೌಕರರೇ ಎಂದರು. 2015ರಲ್ಲಿ ಕೇಂದ್ರ ಮಂಡಳಿ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅದೇ ಕೂಟದ ಉಳಿದ ತಂಡಗಳೆಲ್ಲ ಸರ್ಕಾರಿ ವಿಶ್ವವಿದ್ಯಾಲಯಗಳಾಗಿರುವಾಗ ಒಂದೇ ಖಾಸಗಿ ಸಂಸ್ಥೆಯ ವಿಷಯದಲ್ಲಿ ಕೈ ಹಾಕುವುದಿಲ್ಲವೆಂದು ಬದಿಗೆ ಸರಿಯಿತು. 2024ರ ಮಾರ್ಚ್‌ನಲ್ಲಿ ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಆಟಗಾರರು 13-2 ಮತಗಳಿಂದ ಸಂಘ ಸೇರಲು ನಿರ್ಧರಿಸಿದರು. ಮಂಡಳಿಯ ಸ್ವರೂಪ ಬದಲಾಗಲಿದೆಯೆಂದು ಅದೇ ವರ್ಷದ ಕೊನೆಗೆ ಅರ್ಜಿ ಹಿಂಪಡೆದರು. 2024ರ ಜುಲೈನಲ್ಲಿ ಫಿಲಡೆಲ್ಫಿಯದ ಮೇಲ್ಮನವಿ ನ್ಯಾಯಾಲಯ, ಕೂಲಿ ಕಾಯ್ದೆಯಡಿ ಕೆಲವು ಆಟಗಾರರು ನೌಕರರಾಗಬಹುದು ಎಂದಿದೆ. ಎನ್‌ಸಿಎಎ ಮಾತ್ರ ಅವರು ನೌಕರರಲ್ಲ ಎಂಬ ಕಾನೂನನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಿಂದ ಪಡೆಯಲು ಓಡಾಡುತ್ತಿದೆ.

ಭಾರತದಿಂದ ಹೋದ ವಿದ್ಯಾರ್ಥಿ ಈ ಹಣ ಪಡೆಯಬಹುದೇ?

ವಿದ್ಯಾರ್ಥಿವೇತನ ಪಡೆಯಬಹುದು. ವರ್ಜೀನಿಯ ವಿಶ್ವವಿದ್ಯಾಲಯಕ್ಕೆ ಆಡಿ 2007 ಮತ್ತು 2008ರಲ್ಲಿ ಕಾಲೇಜು ಟೆನಿಸ್ ಸಿಂಗಲ್ಸ್ ಪ್ರಶಸ್ತಿ ಗೆದ್ದ ಸೋಮದೇವ್ ದೇವವರ್ಮನ್, ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಎತ್ತರ ಜಿಗಿತದಲ್ಲಿ ಗೆದ್ದ ತೇಜಸ್ವಿನ್ ಶಂಕರ್ ಕಾಲೇಜು ಕ್ರೀಡೆಯ ದಾರಿಯಲ್ಲಿ ನಡೆದವರೇ.

ಎನ್‌ಐಎಲ್ ಹಣದ ವಿಷಯದಲ್ಲಿ ಎಚ್ಚರ ಬೇಕು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ಪಾಠದ ಅವಧಿಯಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ದುಡಿಯಬಹುದು, ಹೊರಗೆ ದುಡಿಯಲು ಪ್ರತ್ಯೇಕ ಅನುಮತಿ ಬೇಕು. ಅಮೆರಿಕದ ನೆಲದಲ್ಲಿ ಜಾಹೀರಾತಿಗೆ ನಿಂತರೆ ಅದು ಅನುಮತಿಯಿಲ್ಲದ ಉದ್ಯೋಗವಾಗಿ ವೀಸಾಕ್ಕೇ ಕುತ್ತು ಬರಬಹುದು. ಕೆಂಟಕಿ ತಂಡದ ಕಾಂಗೊ ಮೂಲದ ಆಸ್ಕರ್ ಶೀಬ್ವೆ 2022ರಲ್ಲಿ ತಂಡ ಬಹಾಮಾಸ್‌ಗೆ ಹೋಗಿದ್ದಾಗ ಅಲ್ಲಿಯೇ ಜಾಹೀರಾತು ಕೆಲಸ ಮುಗಿಸಿಕೊಂಡರು. ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿ ಕಚೇರಿಯನ್ನೂ ವಲಸೆ ವಕೀಲರನ್ನೂ ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರುವ ಮಕ್ಕಳಿಗೆ ಈ ತೊಡಕಿಲ್ಲ.

ಆಡುವಾಗ ಪೆಟ್ಟಾದರೆ ಯಾರ ಹೊಣೆ?

ಸಂಭಾವನೆಯ ಚರ್ಚೆಯಲ್ಲಿ ಎಲ್ಲರೂ ಮೊದಲು ಕೇಳಬೇಕಿದ್ದ, ಎಲ್ಲರೂ ಕೊನೆಗೆ ಕೇಳುವ ಪ್ರಶ್ನೆ. ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಕೆಂಟ್ ವಾಲ್ಡ್ರೆಪ್ 1974ರಲ್ಲಿ ಅಲಬಾಮಾ ವಿರುದ್ಧದ ಪಂದ್ಯದಲ್ಲಿ ಬಿದ್ದು ಪಾರ್ಶ್ವವಾಯುವಿಗೆ ಒಳಗಾದರು. ಕಾರ್ಮಿಕನಂತೆ ಪರಿಹಾರ ಕೊಡಿ ಎಂದು ವರ್ಷಗಟ್ಟಲೆ ಹೋರಾಡಿದರು. 2000ದಲ್ಲಿ ಟೆಕ್ಸಸ್ ಮೇಲ್ಮನವಿ ನ್ಯಾಯಾಲಯ, ಆತ ನೌಕರನಲ್ಲ ಎಂಬ ತೀರ್ಪನ್ನು ಎತ್ತಿಹಿಡಿಯಿತು.

ಕಣ್ಣಿಗೆ ಕಾಣದ ಪೆಟ್ಟೂ ಇದೆ. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜು ಮಟ್ಟದವರೆಗೆ ಆಡಿದ 53 ಮೃತ ಆಟಗಾರರ ಮಿದುಳುಗಳ ಪೈಕಿ 48ರಲ್ಲಿ, ತಲೆಗೆ ಪದೇ ಪದೇ ಬೀಳುವ ಪೆಟ್ಟಿನೊಂದಿಗೆ ನಂಟಿರುವ ಸಿಟಿಇ ಎಂಬ ಮಿದುಳಿನ ಕಾಯಿಲೆಯ ಗುರುತುಗಳಿದ್ದವು. ಮರೆವು, ಖಿನ್ನತೆ, ಸಿಟ್ಟು ಅದರ ಜೊತೆಗೆ ಬರುತ್ತವೆ. ಈ ಮಿದುಳುಗಳನ್ನು ದಾನ ಮಾಡಿದವರು ಹೆಚ್ಚಾಗಿ ಲಕ್ಷಣ ಕಂಡು ಅನುಮಾನಗೊಂಡ ಕುಟುಂಬದವರಾದ್ದರಿಂದ, ಎಲ್ಲ ಆಟಗಾರರಿಗೂ ಇದೇ ಪ್ರಮಾಣ ಎಂದು ಹೇಳಲಾಗದು. ಕಾಲೇಜಿನಲ್ಲಿ ಆಡಿದವರಲ್ಲಿ ಎನ್‌ಎಫ್‌ಎಲ್ ತಲುಪುವವರು ಶೇ 2ಕ್ಕಿಂತ ಕಡಿಮೆ. ಉಳಿದವರು ಮಂಡಿ ನೋವು, ತಲೆಯ ಪೆಟ್ಟುಗಳನ್ನು ಹೊತ್ತು ಬೇರೆ ಉದ್ಯೋಗಕ್ಕೆ ಹೋಗುತ್ತಾರೆ.

2024ರ ಆಗಸ್ಟ್‌ನಿಂದ ಎನ್‌ಸಿಎಎ, ಆಟದ ದಿನಗಳು ಮುಗಿದ ಬಳಿಕ ಎರಡು ವರ್ಷದವರೆಗೆ ಕ್ರೀಡಾ ಗಾಯಗಳಿಗೆ ವಿಮೆ ಒದಗಿಸುತ್ತಿದೆ. ಇದು ಮೊದಲಿಗಿಂತ ಒಳ್ಳೆಯದು, ಆದರೆ ಇಪ್ಪತ್ತನೇ ವಯಸ್ಸಿನ ಪೆಟ್ಟು ನಲವತ್ತರಲ್ಲಿ ಕಾಡಿದಾಗ ಅದು ನೆರವಿಗೆ ಬರುವುದಿಲ್ಲ. ಆದ್ದರಿಂದ ಕಾಲೇಜು ತಂಡ ಸೇರಲಿರುವ ಮಕ್ಕಳ ಪೋಷಕರು ಮೊತ್ತದ ಬಗ್ಗೆ ಮಾತಾಡುವ ಮೊದಲು ಈ ಮೂರನ್ನು ಕೇಳಿ ಬರಹದಲ್ಲಿ ಪಡೆಯಿರಿ: ಗಾಯವಾದರೆ ವಿದ್ಯಾರ್ಥಿವೇತನ ಪದವಿ ಮುಗಿಯುವವರೆಗೆ ಉಳಿಯುತ್ತದೆಯೇ, ಬೇರೆ ವೈದ್ಯರ ಅಭಿಪ್ರಾಯ ಪಡೆಯಲು ಖರ್ಚು ಯಾರದು, ತಂಡ ಬಿಟ್ಟ ಮೇಲೆ ಚಿಕಿತ್ಸೆಯ ವೆಚ್ಚ ಎಷ್ಟು ಕಾಲ ಭರಿಸುತ್ತಾರೆ.